ಅಕ್ಕನ ಕೈಗುಣ, ನಾನು ಓದದ ಪುಟ

ಆ ಪುಸ್ತಕದ ಒಂದು ಪುಟವನ್ನು ನಾನು ಅಕ್ಕನಿಗೆ ಓದಿ ಹೇಳಲಿಲ್ಲ. ಓದಿದೆ ಅಂತ ಹೇಳಿದೆ, ಆದರೆ ಓದಿರಲಿಲ್ಲ. ನನಗೆ ಅದು ಓದಲು ಬರುತ್ತಿರಲಿಲ್ಲ. ಬರುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಯಾರೂ ನನ್ನನ್ನು ಬಯ್ಯುತ್ತಿರಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗಿಗೆ ಎಲ್ಲ ಬರಬೇಕೆಂದು ಯಾರು ಹೇಳುತ್ತಾರೆ? ಆದರೂ ಹೇಳಲಿಲ್ಲ. ಆಮೇಲೆ ಅಕ್ಷರ ಅಕ್ಷರ ಕೂಡಿಸಿಕೊಂಡು ಓದಿ, ಅದರಲ್ಲಿ ಏನಿತ್ತು ಎಂದು ತಿಳಿದ ಮೇಲೂ ಹೇಳಲಿಲ್ಲ. ಮೂರು ವರ್ಷಕ್ಕೂ ಹೆಚ್ಚು ಕಾಲ ಬಾಯಿ ಮುಚ್ಚಿಕೊಂಡಿದ್ದೆ. ಅಷ್ಟೂ ದಿನ ನಮ್ಮಕ್ಕ ತನ್ನ ಕೈಯನ್ನೇ ನಂಬದೆ ಬದುಕಿದಳು.

ಇದು ಸಾವಿರದ ಒಂಬೈನೂರ ಐವತ್ತರ ನಂತರದ ಮಾತು. ನಮ್ಮದು ಅತ್ತಿಗುಪ್ಪೆ ಕಡೆಯ ಬೇಸಾಯದ ಮನೆ. ಅಪ್ಪನಿಗೆ ಮಿಲ್ಲಿನಲ್ಲಿ ಕೆಲಸ ಸಿಕ್ಕಿತೆಂದು ರಾಜಾಜಿನಗರಕ್ಕೆ ಬಂದೆವು. ಆಗ ರಾಜಾಜಿನಗರ ಎಂದರೆ ದಿಬ್ಬದ ಮೈಯನ್ನು ಕೆರೆದು ಬೀದಿ ಎಳೆದ ಜಾಗ. ಸಾಲಾಗಿ ಮನೆಗಳಿದ್ದವು, ಮರಗಳಿರಲಿಲ್ಲ. ಗಾಳಿಗೆ ತಡೆಯಿಲ್ಲದೆ ಬೇಸಿಗೆಯ ಕೆಂಧೂಳು ಅನ್ನದ ತಟ್ಟೆಗೇ ಬಂದು ಬೀಳುತ್ತಿತ್ತು. ಮಳೆ ಬಂದರೆ ನೀರು ಒಂದು ಗಳಿಗೆ ನಿಲ್ಲದೆ ಕೆಳಗಿನ ಹಳ್ಳಕ್ಕೆ ಓಡುತ್ತಿತ್ತು. ಮನೆಯ ಹಿಂದೆ ಒಂದು ತುಂಡು ಹಿತ್ತಲಿತ್ತು. ಅಲ್ಲಿ ಮಣ್ಣಿರಲಿಲ್ಲ, ಗರಸಿತ್ತು. ಕೆಂಪು ಜಲ್ಲಿಯಂಥದ್ದು, ಹಾರೆ ಹಾಕಿದರೆ ಠಣ್ ಎನ್ನುವಂಥದ್ದು. ನೀರೋ ಬೀದಿ ನಲ್ಲಿಯದು. ಬೆಳಿಗ್ಗೆ ಬಂದು, ಸಾಲಿನ ಕೊನೆಯ ಕೊಡ ತುಂಬುವ ಮೊದಲೇ ನಿಂತುಹೋಗುತ್ತಿತ್ತು.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ತವರಿಗೆ ಕಳಿಸಿದ್ದರು. ಸ್ವಲ್ಪ ದಿನ ಇದ್ದು ಬರಲಿ ಎಂದು ಕಳಿಸಿದವರು ಮತ್ತೆ ಕರೆಯಲು ಬರಲಿಲ್ಲ. ಅವ್ವ ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಅಕ್ಕನೂ ಮಾತಾಡುತ್ತಿರಲಿಲ್ಲ.

ಆದರೆ ಅಕ್ಕನಿಗೆ ಒಂದು ಮರ್ಯಾದೆ ಇತ್ತು. ಅವಳ ಕೈಗುಣ ಒಳ್ಳೆಯದು ಎಂದು ಊರಲ್ಲೇ ಹೆಸರಾಗಿತ್ತು. ಕೆಲವರು ಹಾಕಿದ ಬೀಜ ಕಲ್ಲಿನ ಮೇಲೂ ಹುಟ್ಟುತ್ತದೆ, ಕೆಲವರು ಹಾಕಿದ್ದು ಗೊಬ್ಬರದ ಗುಂಡಿಯಲ್ಲೂ ಕೊಳೆಯುತ್ತದೆ ಎಂದು ನಮ್ಮವರ ನಂಬಿಕೆ. ಬೇಲಿಗೆ ಸೋರೆ, ಕುಂಬಳ, ಚಪ್ಪರದವರೆ ಹಾಕುವ ದಿನ ಮೊದಲ ಕಾಳನ್ನು ಒಳ್ಳೆಯ ಕೈಯವರಿಂದಲೇ ಹಾಕಿಸುತ್ತಿದ್ದರು. ಹೊಸ ಬಡಾವಣೆಯಲ್ಲೂ ಆ ಸುದ್ದಿ ಬೇಗ ಹರಡಿತು. "ಬಾರವ್ವ, ಒಂದ್ ಕಾಳು ಹಾಕಿ ಹೋಗು" ಎಂದು ಆಚೆ ಬೀದಿಯವರೂ ಕರೆಯುತ್ತಿದ್ದರು. ಮಕ್ಕಳಿಲ್ಲದವಳು ಎಂದು ಆರತಿಗೆ ಕರೆಯದ ಹೆಂಗಸರೂ ಬೀಜಕ್ಕೆ ಕರೆಯುತ್ತಿದ್ದರು. ಕರೆದ ದಿನ ಅಕ್ಕ ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು ಹೋಗುತ್ತಿದ್ದಳು. ಬರುವಾಗ ಅವಳ ನಡಿಗೆಯೇ ಬೇರೆ ಇರುತ್ತಿತ್ತು.

ಒಂದು ಮಾಘದ ಬೆಳಿಗ್ಗೆ ತೋಟದ ಇಲಾಖೆಯಿಂದ ವಯಸ್ಸಾದ ಮಾಲಿಯೊಬ್ಬರು ಸೈಕಲ್ಲಿನಲ್ಲಿ ಬಂದರು. ಮನೆ ಹಿತ್ತಲಿನಲ್ಲಿ ತರಕಾರಿ ಬೆಳೆಯುವುದನ್ನು ಹೆಂಗಸರಿಗೆ ಹೇಳಿಕೊಡಲು ಅವರನ್ನು ಕಳಿಸಿದ್ದರು. ನಲ್ಲಿಯ ಹತ್ತಿರ ಎಲ್ಲರೂ ಸೇರಿದ ಹೊತ್ತು ನೋಡಿ ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ತೆಗೆದರು. ಒಳಗೆ ಒಂದು ಹೂಕೋಸಿತ್ತು. ನಾವು ಅದನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಏನಪ್ಪ ಇದು, ಮೋಡ ಕಿತ್ಕೊಂಡ್ ಬಂದಿದೀಯಾ?" ಎಂದರು ಮೂಲೆಮನೆ ಅಜ್ಜಿ. ನಮ್ಮ ಸಾಲಿನಲ್ಲಿ ಎಲ್ಲರಿಗಿಂತ ಹಿರಿಯರು, ಶಾಸ್ತ್ರ ಸಂಪ್ರದಾಯಕ್ಕೆಲ್ಲ ಅವರ ಮಾತೇ ಕೊನೆ.

"ಹೂಕೋಸು ಕಣಜ್ಜಿ. ದೊರೆಗಳ ಮನೇಲಿ ತಿಂತಿದ್ರು."

"ತಿಂದು ದೊರೆಗಳಾದ್ರೋ, ದೊರೆಗಳಾದ್ಮೇಲೆ ತಿಂದ್ರೋ?"

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಅವಳು ಬಗ್ಗಿ ಆ ಬಿಳಿಯ ಮೇಲೆ ಬೆರಳಿಟ್ಟಳು, ಮಲಗಿದ ಕೂಸಿನ ನೆತ್ತಿ ಮುಟ್ಟುವ ಹಾಗೆ. ಎಲೆಗಳ ನಡುವೆ ಅಷ್ಟು ಬಿಗಿಯಾಗಿ, ಅಷ್ಟು ಸಣ್ಣ ಸಣ್ಣದಾಗಿ, ಯಾರೋ ಕೂತು ಒಂದೊಂದೇ ಜೋಡಿಸಿದ ಹಾಗಿತ್ತು ಅದು.

"ಅಣ್ಣ, ನಮ್ ಗರಸಲ್ಲಿ ಬರುತ್ತಾ?" ಎಂದು ಕೇಳಿದಳು.

"ಗರಸಲ್ಲಿ ಬರಲ್ಲ ತಾಯಿ. ಗರಸನ್ನ ಮಣ್ಣು ಮಾಡಿದ್ರೆ ಬರುತ್ತೆ. ಹೆಂಗೆ ಅಂತ ಇದ್ರಲ್ಲಿ ಬರೆದವ್ರೆ." ಚೀಲದಿಂದ ಒಂದು ತೆಳುವಾದ ಪುಸ್ತಕ ತೆಗೆದರು, ಜೊತೆಗೆ ಹೂಕೋಸಿನ ಬೀಜದ ಪೊಟ್ಟಣ. "ಓದೋರ್ ಯಾರಾದ್ರೂ ಇದೀರಾ?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಅಕ್ಕ ನನ್ನ ತೋಳು ಹಿಡಿದು ಮುಂದೆ ಎಳೆದಳು. "ನಮ್ ತಂಗಿ ಓದ್ತಾಳೆ. ನಾಲ್ಕನೇ ಕ್ಲಾಸು!" ಅವಳು ಹೇಳಿದ ಧಾಟಿಗೆ ನಾಲ್ಕನೇ ಕ್ಲಾಸು ಎಂದರೆ ಅದರ ಮೇಲೆ ಇನ್ನು ಕ್ಲಾಸೇ ಇಲ್ಲವೇನೋ ಎನ್ನುವಂತಿತ್ತು.

ಅಂದಿನಿಂದ ದಿನಾ ಮಧ್ಯಾಹ್ನ, ಪಾತ್ರೆ ತೊಳೆದಾದ ಮೇಲೆ, ಹಿತ್ತಲ ಮೆಟ್ಟಿಲ ಮೇಲೆ ಓದು ನಡೆಯಿತು. ಮೊದಲು ಅಕ್ಕ ಒಬ್ಬಳೇ ಕೇಳುತ್ತಿದ್ದಳು. ಆಮೇಲೆ ಪಕ್ಕದ ಮನೆಯವರು, ಎದುರು ಮನೆಯವರು, ಕೊನೆಗೆ ಮೂಲೆಮನೆ ಅಜ್ಜಿಯೂ ಎಲೆಯಡಿಕೆ ಚೀಲ ಹಿಡಿದು ಬಂದು ಕೂತರು. ನನಗೆ ಹದಿಮೂರು ವರ್ಷ. ಇಷ್ಟು ಜನ ನನ್ನ ಬಾಯನ್ನೇ ನೋಡುತ್ತ ಕೂತದ್ದು ಅದೇ ಮೊದಲು. ನಾನು ಗಂಟಲು ಸರಿ ಮಾಡಿಕೊಳ್ಳುವುದನ್ನು ಕಲಿತೆ.

ಅಕ್ಕ ಕೇಳುವುದನ್ನು ನೀವು ನೋಡಬೇಕಿತ್ತು. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಒಂದು ಪುಟವಾದ ಮೇಲೆ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೀಟು ಎಳೆಯುತ್ತಿದ್ದಳು. ಮಾರನೆಯ ದಿನ ಆ ಗೀಟಿನ ಮೇಲೆ ಬೆರಳಿಟ್ಟು ಇಡೀ ಪುಟವನ್ನು ಒಪ್ಪಿಸುತ್ತಿದ್ದಳು. ನಾನು ಎಲ್ಲಿ ಉಸಿರು ತೆಗೆದುಕೊಂಡಿದ್ದೆನೋ ಅಲ್ಲಿ ಅವಳೂ ನಿಲ್ಲುತ್ತಿದ್ದಳು. ಪುಸ್ತಕ ನನ್ನ ಕೈಯಲ್ಲಿತ್ತು ಅಷ್ಟೇ, ಓದು ಇದ್ದದ್ದು ಅವಳ ತಲೆಯಲ್ಲಿ. ಅದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕೇಳಿದ್ದನ್ನೆಲ್ಲ ಮಾಡಿದಳು. ಎರಡು ಅಡಿ ಅಗೆಯಬೇಕು ಎಂದಿತ್ತು. ಹಾರೆ ಹಿಡಿದು ದಿನಕ್ಕೊಂದು ಮೊಳ ಅಗೆದಳು. ಮೇಲೆ ಬಂದ ಕಲ್ಲನ್ನು ಆರಿಸಿ ಗಾಳಿಯ ಕಡೆ ಮೊಣಕಾಲೆತ್ತರದ ಗೋಡೆ ಕಟ್ಟಿದಳು. ಗುಂಡಿಗೆ ಒಣಗಿದೆಲೆ, ಹಳೆಯ ಗೊಬ್ಬರ, ಬೂದಿ, ಕೆರೆಯ ಗೋಡುಮಣ್ಣು ಹಾಕಬೇಕು ಎಂದಿತ್ತು. ಗೋಡನ್ನು ಕೆಳಗಿನ ಕೆರೆ ಅಂಗಳದಿಂದ ಮಂಕರಿಯಲ್ಲಿ ಹೊತ್ತು ತಂದಳು. ನಾನೂ ಹೊತ್ತೆ, ಆದರೆ ನಾನು ಹೊತ್ತದ್ದು ಹೇಳಿಕೊಳ್ಳುವಷ್ಟಲ್ಲ. ಸುಟ್ಟ ಮಣ್ಣಿನ ಕುಡಿಕೆಗಳನ್ನು ಕತ್ತಿನವರೆಗೆ ಹೂತು ನೀರು ತುಂಬಿಟ್ಟರೆ ಬೇರು ತನಗೆ ಬೇಕಾದಷ್ಟನ್ನು ತಾನೇ ಎಳೆದುಕೊಳ್ಳುತ್ತದೆ ಎಂದೂ ಇತ್ತು. ಅದನ್ನು ಕೇಳಿ ಅಕ್ಕ ಕಣ್ಣು ತೆರೆದಳು.

"ಇನ್ನೊಂದ್ಸಲ ಓದೇ."

ಓದಿದೆ.

"ಹಂಗಾದ್ರೆ ಬೇರಿಗೆ ಗೊತ್ತಾಗುತ್ತೆ, ನೀರೆಲ್ಲಿದೆ ಅಂತ," ಎಂದಳು, ಯಾರಿಗೂ ಅಲ್ಲದ ಹಾಗೆ.

ಅಕ್ಕಿ ತೊಳೆದ ನೀರು, ಮುಖ ತೊಳೆದ ನೀರು ಎಲ್ಲ ಆ ಕುಡಿಕೆಗಳಿಗೆ ಹೋಯಿತು. ಯುಗಾದಿ ಕಳೆದು ಒಂದೆರಡು ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ಅಕ್ಕ ನನ್ನನ್ನು ಕೂಗಿದಳು. ಅಂಗೈಯಲ್ಲಿ ಒಂದು ಎರೆಹುಳ ಹಿಡಿದುಕೊಂಡಿದ್ದಳು. ಕಿಡಿ ಹಾರುತ್ತಿದ್ದ ನೆಲಕ್ಕೆ ಅದು ಎಲ್ಲಿಂದ ಬಂತು, ಯಾರು ಹೇಳಿ ಕಳಿಸಿದರು? ನಾವಿಬ್ಬರೂ ಅದು ಮತ್ತೆ ಮಣ್ಣಿನೊಳಗೆ ಇಳಿಯುವವರೆಗೂ ಕುಕ್ಕರುಗಾಲಿನಲ್ಲಿ ಕೂತು ನೋಡಿದೆವು. ದೇವಸ್ಥಾನದಲ್ಲಿ ಕೂಡ ನಾನು ಅಷ್ಟು ಸುಮ್ಮನೆ ಕೂತವಳಲ್ಲ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಪುಸ್ತಕದ ಭಾಷೆ ದೊಡ್ಡದು. ಉದ್ದುದ್ದ ಮಾತು ಬಂದಾಗ ನಾನು ಅದನ್ನು ಹಾರಿಸಿ, ಮುಂದಿನದಕ್ಕೆ ಹೊಂದುವ ಏನನ್ನಾದರೂ ಸೇರಿಸುತ್ತಿದ್ದೆ. ಮೊದಮೊದಲು ಭಯವಾಗುತ್ತಿತ್ತು, ಆಮೇಲೆ ಅಭ್ಯಾಸವಾಯಿತು. ಅದರಿಂದ ಏನೂ ಕೆಡಲಿಲ್ಲ, ಬೇಸಾಯದ ಮನೆಯ ಮಗಳಿಗೆ ಅಷ್ಟು ಊಹೆ ಗೊತ್ತಿತ್ತು.

ಹೂಕೋಸಿನ ಪುಟ ಬಂದ ದಿನ ಮೆಟ್ಟಿಲ ತುಂಬ ಜನ. ಆ ಪುಟದ ತುಂಬ ಚೌಕ ಚೌಕವಾಗಿ ಗೆರೆ ಎಳೆದಿದ್ದರು. ಮೇಲೆ ಇಂಗ್ಲಿಷ್ ತಿಂಗಳ ಹೆಸರುಗಳು, ಚೌಕಗಳಲ್ಲಿ ಚುಕ್ಕೆಗಳು, ಕೆಳಗೆ ಇರುವೆಯಂಥ ಅಕ್ಷರದಲ್ಲಿ ನಾಲ್ಕು ಸಾಲು. ನಮ್ಮ ಮನೆಯಲ್ಲಿ ಬಿತ್ತನೆಯ ಲೆಕ್ಕವೆಲ್ಲ ಮಳೆ ನಕ್ಷತ್ರದ್ದು. ಆರಿದ್ರೆ, ಉತ್ತರೆ, ಹಸ್ತ ಎಂದರೆ ಅಕ್ಕನಿಗೆ ಮೋಡದ ಬಣ್ಣ ಕೂಡ ಗೊತ್ತಿತ್ತು. ಆ ಚುಕ್ಕೆಗಳನ್ನು ನೋಡಿ ಯಾವ ಮಳೆ ಎಂದು ಹೇಳುವುದು ಹೇಗೆ? 

"ಏನ್ ಬರೆದವ್ರೆ? ಯಾವ್ ಮಳೆಗೆ ಬಿಡ್ಬೇಕಂತೆ?" ಎಂದಳು ಅಕ್ಕ.

"ಓದಮ್ಮ, ನಾಲ್ಕನೇ ಕ್ಲಾಸು," ಎಂದರು ಅಜ್ಜಿ, ಎಲೆಗೆ ಸುಣ್ಣ ಹಚ್ಚುತ್ತ.

"ಆರಿದ್ರೆ ಮಳೆಗೆ," ಎಂದೆ. ರಾಗಿಗೆ, ಅವರೆಗೆ ಎಲ್ಲರೂ ಕಾಯುವುದು ಅದೇ ಮಳೆಯನ್ನಲ್ಲವೇ. "ಆರಿದ್ರೆ ಮಳೆ ಬಿದ್ದ ಕೂಡ್ಲೇ ಒಟ್ಲು ಬಿಡ್ಬೇಕು ಅಂತ ಬರೆದಿದೆ."

ಅಕ್ಕ ಗೋಡೆಯ ಮೇಲೆ ಗೀಟು ಎಳೆದಳು.

ಜೂನ್ ಕೊನೆಗೆ ಆರಿದ್ರೆ ಬಿದ್ದ ಕೂಡಲೇ ಒಟ್ಲು ಬಿಟ್ಟಳು, ಸಣ್ಣ ಮಡಿಯಲ್ಲಿ ಸಸಿ ಏಳಿಸಲು ಬೀಜ ಚೆಲ್ಲಿದಳು. ಒಂದು ಬೀಜವೂ ಸುಳ್ಳಾಗದೆ ಎಲ್ಲ ಹುಟ್ಟಿದವು. ಕಿತ್ತು ನಾಟಿ ಹಾಕಿದ ಮೇಲೆ ಮಳೆ ಕೈಕೊಟ್ಟಿತು. ಹದಿನೈದು ದಿನ ಒಣ ಗಾಳಿ. ಬಡಾವಣೆಯ ಹಿತ್ತಲುಗಳೆಲ್ಲ ಬಾಡಿದವು, ಅಕ್ಕನ ಗಿಡಗಳು ಬಾಡಲಿಲ್ಲ. ಕುಡಿಕೆಗಳನ್ನು ಬೇರುಗಳು ಅಪ್ಪಿಕೊಂಡಿದ್ದವು. ಎಲೆ ಎಂದರೆ ಎಂಥ ಎಲೆ! ಮೊರದಷ್ಟು ಅಗಲ, ಮೇಲೆ ಬೂದಿ ಬಳಿದಂಥ ನೀಲಿ. ಬೆಳಿಗ್ಗೆ ಇಬ್ಬನಿ ಅದರ ಮೇಲೆ ಪಾದರಸದಂತೆ ಉರುಳಾಡುತ್ತಿತ್ತು. ಬೇರೆ ಬೀದಿಯವರು ನೋಡಲು ಬಂದರು. ಅವರು ಹೋದ ಮೇಲೆ ಅಕ್ಕ ಒಂದೊಂದೇ ಗಿಡದ ಎಲೆ ಬಿಡಿಸಿ ಒಳಗೆ ಇಣುಕುತ್ತಿದ್ದಳು. ಒಳಗೆ ಇನ್ನೂ ಒಂದು ಎಲೆ ಇರುತ್ತಿತ್ತು.

ಗೌರಿಹಬ್ಬವಾಯಿತು, ದಸರೆಯಾಯಿತು. ಬರೀ ಎಲೆ. ದೀಪಾವಳಿ ಮುಗಿಯಿತು, ಎಲೆ. ನೋಡಲು ಬರುವವರು ಮೊದಲು ನಕ್ಕರು, ಆಮೇಲೆ ನಗುವುದನ್ನು ಬಿಟ್ಟರು. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಮೂಲೆಮನೆ ಅಜ್ಜಿ ಕೇಳಿಯೇಬಿಟ್ಟರು. ಅವರು ಕೆಟ್ಟವರಲ್ಲ, ಮನಸ್ಸಿಗೆ ಬಂದದ್ದನ್ನು ನುಂಗಿಕೊಳ್ಳಲು ಬರದವರು.

"ಎಲ್ಲಾ ಗೊಡ್ಡು ಬಿದ್ವಲ್ಲೇ. ನಿನ್ ಕೈಗೇನಾಯ್ತೇ?"

ಗೊಡ್ಡು ಎನ್ನುವ ಮಾತನ್ನು ಅಕ್ಕನ ಗಂಡನ ಮನೆಯಲ್ಲಿ ಹಸುವಿಗಷ್ಟೇ ಅಲ್ಲ, ಅವಳಿಗೂ ಹೇಳುತ್ತಿದ್ದರು. ಅಕ್ಕ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಬಂದಳು. ಬಂದವಳು ನೇರ ಹಿತ್ತಲಿಗೆ ಹೋಗಿ ಗಿಡಗಳನ್ನೆಲ್ಲ ಕಿತ್ತಳು. ಅವು ಸುಲಭವಾಗಿ ಬರಲಿಲ್ಲ. ಬೇರು ಕುಡಿಕೆಗಳನ್ನೂ ಎತ್ತಿಕೊಂಡು ಬಂತು. ಅಷ್ಟನ್ನೂ ತಬ್ಬಿ ಎತ್ತಿ ಹಾಲಿನವನ ಎಮ್ಮೆಗೆ ಹಾಕಿ ಬಂದು ಕೈ ತೊಳೆದುಕೊಂಡಳು.

ಆ ಮಧ್ಯಾಹ್ನ ನಾನು ಪುಸ್ತಕ ತೆಗೆದೆ. ಬೆರಳಿಟ್ಟು ತಿಂಗಳುಗಳನ್ನು ಎಣಿಸಿದೆ. ಇರುವೆಯಂಥ ಅಕ್ಷರಗಳನ್ನು ಒಂದಕ್ಕೊಂದು ಸೇರಿಸಿದೆ. ಸಂಜೆಯವರೆಗೂ ಹಿಡಿಯಿತು. ನಮಗೆ ಕೊಟ್ಟ ಬೀಜ ಚಳಿಯ ಬೀಜ. ಸೆಪ್ಟೆಂಬರಿನ ಕೊನೆಗೆ, ಅಂದರೆ ಹಸ್ತ ಮಳೆಯ ಹೊತ್ತಿಗೆ, ಒಟ್ಲು ಬಿಡಬೇಕಿತ್ತು. ಮುಂಚೆ ಬಿತ್ತಿದರೆ ಎಲೆಯೇ ಬೆಳೆಯುತ್ತದೆ, ಆದರೂ ಕೀಳಬಾರದು, ಚಳಿ ತಾಕಿದ ಮೇಲೆ ಹೂ ಕಟ್ಟೀತು ಎಂದು ಅಲ್ಲೇ ಬರೆದಿತ್ತು. ಚಳಿ ಇನ್ನು ಮೂರು ವಾರದಲ್ಲಿ ಬರುವುದಿತ್ತು. ಅಷ್ಟು ಸಣ್ಣ ಬೀಜದೊಳಗೆ ಚಳಿಯನ್ನು ಕಾಯುವ ಬುದ್ಧಿ ಯಾರು ಇಟ್ಟರು ಎಂದು ಬೆರಗಾದೆ.  ಪುಸ್ತಕವನ್ನು ರಾಗಿ ತುಂಬಿಡುವ ವಾಡೆಯ ಹಿಂದೆ ತುರುಕಿದೆ.

ಹೇಳಬೇಕೆಂದುಕೊಂಡೆ. ನಾಳೆ ಹೇಳೋಣ ಎಂದುಕೊಂಡೆ. ಹೇಳಿದರೆ ಓದಿನವಳೆಂಬ ನನ್ನ ಹೆಸರು ಹೋಗುತ್ತಿತ್ತು. ನನಗೆ ಇದ್ದದ್ದು ಅದೊಂದೇ ಹೆಸರು. ಅಕ್ಕನಿಗೂ ಇದ್ದದ್ದು ಒಂದೇ ಎನ್ನುವುದನ್ನು ನಾನು ಎಣಿಸಲಿಲ್ಲ.

ಮಾಘದಲ್ಲಿ ಮಾಲಿ ಮತ್ತೆ ಬಂದರು. ಹೂ ಬರಲಿಲ್ಲವೆಂದು ಕೇಳಿ ಹಿತ್ತಲಿಗೆ ಬಂದು ಕೂತರು. ಬೊಗಸೆಯಲ್ಲಿ ಮಣ್ಣೆತ್ತಿ ಮೂಸಿದರು. ಬೆರಳ ಸಂದಿಯಲ್ಲಿ ಬಿಟ್ಟು ನೋಡಿದರು. "ಈ ಗರಸನ್ನ ಹಿಂಗ್ ಮಾಡಿದ್ದು ಯಾರಮ್ಮ? ನಮ್ ತೋಟದಲ್ಲೂ ಇಂಥ ಮಣ್ಣಿಲ್ಲ!" ಎಂದರು. ಆಮೇಲೆ ನನ್ನನ್ನು ನೋಡಿ ಕೇಳಿದರು. "ಪುಸ್ತಕದಲ್ಲಿ ಇದ್ದಂಗೇ ಬಿತ್ತಿದ್ರಾ?"

ಅಕ್ಕ ನನ್ನ ಕಡೆ ತಿರುಗಿದಳು. ಅಜ್ಜಿ, ಅವ್ವ, ಪಕ್ಕದ ಮನೆಯವರು ಎಲ್ಲ ಇದ್ದರು. ಆಗ ಹೇಳಬಹುದಿತ್ತು. ಅದಕ್ಕಿಂತ ಒಳ್ಳೆಯ ಗಳಿಗೆ ಯಾವುದಿತ್ತು?

"ಹೂಂ. ಒಂದಕ್ಷರ ಬಿಡ್ದೆ ಓದ್ದೆ," ಎಂದೆ.

ಮುದುಕರು ತಲೆ ಕೊಡವಿದರು. "ಹಂಗಾದ್ರೆ ಬರ್ಬೇಕಿತ್ತಲ್ಲ. ಅದೇ ಬೀಜ ಆ ಕಡೆ ಬೀದೀಲಿ ಬಂದದೆ. ಇಂಥ ಮಣ್ಣಲ್ಲಿ ಬರ್ಲಿಲ್ಲ ಅಂದ್ರೆ..."

"ಕೈಗುಣ ಸ್ವಾಮಿ," ಎಂದರು ಅಜ್ಜಿ.

ಅಕ್ಕ ತನ್ನ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಆ ಮಳೆಗಾಲ ಯಾರೂ ಬೀಜ ಹಾಕಲು ಅಕ್ಕನನ್ನು ಕರೆಯಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಹಿತ್ತಲಿನಲ್ಲಿ ಅವ್ವ ಬಿತ್ತುತ್ತಿದ್ದಳು. ಬದನೆ, ಮೂಲಂಗಿ, ಸೊಪ್ಪು, ಏನು ಬಿತ್ತಿದರೂ ಉಕ್ಕಿ ಬರುತ್ತಿತ್ತು. ಅಕ್ಕ ಮಾಡಿದ ಮಣ್ಣು ಅದು. ಎಲ್ಲರೂ ಅವ್ವನ ಕೈಯನ್ನು ಹೊಗಳಿದರು. ಅಕ್ಕ ನೀರು ಹೊತ್ತಳು, ಎಲೆ ಕೊಳೆಸಿದಳು, ಹುಳ ಆರಿಸಿದಳು, ಬೀಜ ಮಾತ್ರ ಮುಟ್ಟಲಿಲ್ಲ. ಕುಂಬಳಕಾಯಿ ಹೆಚ್ಚುವಾಗಲೂ ಬೀಜ ಕಂಡರೆ ಈಳಿಗೆಮಣೆಯಿಂದ ಎದ್ದು, "ಬಾರೇ, ಇದನ್ನ ನೀನ್ ತೆಗೆದಿಡು, ನನ್ ಕೈ ತಾಕೋದ್ ಬೇಡ," ಎನ್ನುತ್ತಿದ್ದಳು. ನಾನು ತೆಗೆದಿಡುತ್ತಿದ್ದೆ. ಪ್ರತಿ ಸಲವೂ ಬಾಯಿ ತೆರೆದು, ಪ್ರತಿ ಸಲವೂ ಮುಚ್ಚುತ್ತಿದ್ದೆ.

ನನಗೆ ಹದಿನೇಳು ತುಂಬಿದಾಗ ಕೆಂಗೇರಿಯ ಕಡೆ ಮದುವೆ ಗೊತ್ತಾಯಿತು. ನಮ್ಮಲ್ಲಿ ಮದುವೆಗೆ ಮುಂಚೆ ಐದು ಜನ ಮುತ್ತೈದೆಯರು ಸಣ್ಣ ಮಣ್ಣಿನ ಕುಡಿಕೆಗಳಲ್ಲಿ ನವಧಾನ್ಯ ಬಿತ್ತಿ ಮೊಳಕೆ ಬಿಡಿಸುತ್ತಾರೆ. ಆ ಮೊಳಕೆ ಹೇಗೆ ಏಳುತ್ತದೋ ಹುಡುಗಿಯ ಬಾಳು ಹಾಗೆ ಏಳುತ್ತದೆ ಎಂದು ನಂಬಿಕೆ. ಕುಡಿಕೆಗೆ ಮಣ್ಣನ್ನು ಅಕ್ಕನೇ ತಂದಳು. ಹಿತ್ತಲಿನ ಮಣ್ಣನ್ನು ಜರಡಿಯಲ್ಲಿ ಎರಡು ಸಲ ಹಿಡಿದು, ಹಿಟ್ಟಿನಂತೆ ಮಾಡಿ, ಕುಡಿಕೆಗಳಿಗೆ ತುಂಬಿ, ಅಂಗೈಯಿಂದ ಮಟ್ಟ ಮಾಡಿ ಸಾಲಾಗಿ ಇಟ್ಟಳು. ಇಟ್ಟು, ಎದ್ದು, ಬಾಗಿಲ ಹಿಂದೆ ಹೋಗಿ ನಿಂತಳು. ಯಾರೂ ಹೋಗು ಎನ್ನಲಿಲ್ಲ.

ಅಜ್ಜಿ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕರೆದು ಕೂರಿಸಿದರು. ನಾಲ್ಕು ಜನ ಕೂತರು. ಐದನೆಯ ಮಣೆ ಖಾಲಿ ಇತ್ತು.

"ಒಡಹುಟ್ಟಿದೋಳು ಇದಾಳಲ್ಲ," ಎಂದರು ಬೀದಿಗೆ ಹೊಸದಾಗಿ ಬಂದ ಹೆಂಗಸೊಬ್ಬರು.

"ಬೇಡಮ್ಮ. ಹುಡ್ಗಿ ಬಾಳು. ಅವಳ್ ಕೈ ನಿಮಗ್ ಗೊತ್ತಿಲ್ಲ," ಎಂದು ಅಜ್ಜಿ ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದ್ದು ಬಾಗಿಲವರೆಗೂ ಕೇಳಿಸಿತು.

"ಅಜ್ಜಿ ಹೇಳೋದ್ ಸರಿ, ನೀವೇ ಕೂತ್ಕೊಳಿ," ಎಂದಳು ಅಕ್ಕ, ಬಾಗಿಲ ಹಿಂದಿನಿಂದಲೇ. ಅವಳ ದನಿಯಲ್ಲಿ ಕೋಪವಿರಲಿಲ್ಲ. ನನ್ನ ಬಾಳು ಚೆನ್ನಾಗಿರಲಿ ಎಂದು ಅವಳೇ ತನ್ನನ್ನು ಹೊರಗಿಟ್ಟುಕೊಂಡಿದ್ದಳು. ಅವಳು ಮಾಡಿದ ಮಣ್ಣು ನನ್ನ ಮುಂದೆ ಕಪ್ಪಗೆ, ಮೆತ್ತಗೆ, ಅಡುಗೆಮನೆಯ ಬೆಳಕಿನಲ್ಲಿ ಉಸಿರಾಡುವ ಹಾಗಿತ್ತು. ಅದನ್ನು ನೋಡುತ್ತ ನನಗೆ ಇನ್ನು ಕೂತಿರಲು ಆಗಲಿಲ್ಲ. ಎಣ್ಣೆ ಅರಿಸಿನ ಹಚ್ಚಿದ ಮೈಯಲ್ಲೇ ಎದ್ದೆ.

"ಏಳಬಾರ್ದು ಕಣೇ, ಕೂತ್ಕೋ!" ಅವ್ವ ಗದರಿದಳು.

"ನಾನ್ ಓದ್ಲಿಲ್ಲ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಹೂಕೋಸಿನ ಪುಟ ನಾನು ಓದ್ಲೇ ಇಲ್ಲ. ಬರ್ಲಿಲ್ಲ ನಂಗೆ. ಆರಿದ್ರೆ ಅಂತ ಬರೆದೇ ಇರ್ಲಿಲ್ಲ ಅಜ್ಜಿ, ನಾನ್ ಕಟ್ಟಿ ಹೇಳ್ದೆ. ಅದು ಚಳಿ ಬೀಜ, ಹಸ್ತಕ್ಕೆ ಬಿಡ್ಬೇಕಿತ್ತು. ಆ ಮಾಲಿ ಯಜಮಾನ್ರು ಕೇಳ್ದಾಗ್ಲೂ ಸುಳ್ಳು ಹೇಳ್ದೆ."

ಅಜ್ಜಿಯ ಕೈಯಲ್ಲಿದ್ದ ಧಾನ್ಯದ ತಟ್ಟೆ ಹಾಗೇ ನಿಂತಿತು.  ನಾನು ಬಾಗಿಲ ಹಿಂದೆ ಹೋದೆ. ಅಕ್ಕ ಗೋಡೆಗೆ ಒರಗಿದ್ದಳು, ಬಲಗೈ ಸೆರಗಿನೊಳಗಿತ್ತು. ಅದನ್ನು ಹೊರಗೆ ಎಳೆದು ಎರಡು ಕೈಯಲ್ಲೂ ಹಿಡಿದುಕೊಂಡೆ. ಉಗುರಿನ ಸಂದಿಯಲ್ಲಿ ಮಣ್ಣಿತ್ತು.

"ತಪ್ಪಾಯ್ತು ಕಣಕ್ಕ. ನಿನ್ ಕೈಗೆ ಏನೂ ಆಗಿರ್ಲಿಲ್ಲ. ಗೊತ್ತಿದ್ದೂ ನಾನು ಸುಮ್ನಿದ್ದೆ, ಇಷ್ಟ್ ವರ್ಷ ನೀನು ನೊಂದ್ಕೋತಿದ್ರೂ ನೋಡ್ಕೊಂಡು ಸುಮ್ನಿದ್ದೆ. ನನ್ ಹೆಸರು ಹೋಗುತ್ತೆ ಅಂತ. ತಪ್ಪಾಯ್ತು ಅಕ್ಕ, ನನ್ನ ಕ್ಷಮಿಸು. ಬಾ, ನನ್ ಕಾಳು ನೀನೇ ಹಾಕು."